ಜೋನಸನ ಗೆರೆ

“ಈ ಸಲ ಅಡ್ಡಗಲ್ಲನ್ನ ರೂಬೆನ್ ಕೆತ್ತಲಿ,” ಎಂದರು ಎಸ್ಟೇಟಿನ ಏಜೆಂಟ್ ಡೆಂಟ್ ಸಾಹೇಬರು, ಕುದುರೆಯಿಂದ ಇಳಿಯದೆ. ಹೇಳಿ, ಯಾರ ಮುಖವನ್ನೂ ನೋಡದೆ ಕೈಗವಸಿನ ಗುಂಡಿ ಹಾಕಿಕೊಳ್ಳತೊಡಗಿದರು.

ಜೋನಸ್ ಹಾಲ್‌ರಾಯ್ಡನ ಕೈಯಲ್ಲಿದ್ದ ಸುತ್ತಿಗೆ ಅರ್ಧಕ್ಕೇ ನಿಂತಿತು. ಹೆಲ್ಮ್‌ಶಾದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಎದ್ದ ಒಂದೊಂದು ಮನೆಯ ಬಾಗಿಲ ಮೇಲೂ ಇಸವಿ ಕೆತ್ತಿದವನು ಅವನು. ಎರಡು ನಿಲುಗಲ್ಲುಗಳ ಮೇಲೆ ಅಡ್ಡಲಾಗಿ ಕೂರುವ ಆ ಕಲ್ಲು ಮನೆಯ ಹಣೆ ಇದ್ದ ಹಾಗೆ. ಗೋಡೆಯ ಉಳಿದ ಕಲ್ಲುಗಳನ್ನು ಯಾರು ಕಡಿದರೆಂದು ಯಾರೂ ಕೇಳುವುದಿಲ್ಲ. ಅಡ್ಡಗಲ್ಲನ್ನು ಯಾರು ಕೆತ್ತಿದರು ಎಂಬುದನ್ನು ಮಾತ್ರ ಮೊಮ್ಮಕ್ಕಳ ಕಾಲದವರೆಗೂ ಹೇಳಿಕೊಂಡು ಬರುತ್ತಾರೆ. ಈಗ ಎಸ್ಟೇಟಿನವರು ತಮ್ಮ ಕೆಲಸಗಾರರಿಗೆಂದು ಆರು ಮನೆಗಳ ಸಾಲೊಂದನ್ನು ಕಟ್ಟಿಸುತ್ತಿದ್ದರು. ಎರಡಡಿ ದಪ್ಪದ ಗೋಡೆ, ಕಿಟಕಿಗಳ ನಡುವೆ ಕಲ್ಲಿನ ಕಂಬಿ, ಮೇಲೆ ಕಲ್ಲುಹಲಗೆಯ ಮಾಡು. ಮೂಲೆಯ ಮನೆ ಎಲ್ಲಕ್ಕಿಂತ ದೊಡ್ಡದು, ರಸ್ತೆಗೆ ಮುಖ ಮಾಡಿ ನಿಂತದ್ದು. 1871 ಎಂಬ ಇಸವಿ ಬರಬೇಕಾದದ್ದು ಅದರ ಬಾಗಿಲಿಗೆ. ಆ ಅಂಕಿಗಳನ್ನು ಜೋನಸ್ ಆಗಲೇ ಮನಸ್ಸಿನಲ್ಲಿ ಎಷ್ಟೋ ಸಲ ಕೆತ್ತಿ ಮುಗಿಸಿದ್ದ.

“ಜೋನಸ್ ಕೆತ್ತೋದು ಗಟ್ಟಿ ಕೆಲಸ, ಇಲ್ಲ ಅನ್ನಲ್ಲ,” ಎಂದರು ಡೆಂಟ್ ಸಾಹೇಬರು. “ಆದ್ರೆ ನಾಲ್ಕು ಅಂಕಿ ಬಿಟ್ರೆ ಬೇರೇನೂ ಇರಲ್ಲ. ಬಂಗಲೆಯ ಯಜಮಾನಿಯವರಿಗೆ ಒಂದಿಷ್ಟು ಹೂವು ಬಳ್ಳಿ ಬೇಕಂತೆ.”

“ಹೂವು ಬೇಕಿದ್ರೆ ಅಂಗಳದಲ್ಲಿ ನೆಟ್ಕೋಬಹುದಲ್ಲ ಸಾರ್,” ಎಂದ ಜೋನಸ್.

ಕೆಲಸದವರೆಲ್ಲ ನಕ್ಕರು. ಡೆಂಟ್ ಸಾಹೇಬರೂ ನಕ್ಕರು. ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ರೂಬೆನ್ ಫರ್ತ್ ಒಬ್ಬ ನಗಲಿಲ್ಲ; ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತಿದ್ದ. ಅವನು ಹೀಗೆ ನೆಲ ನೋಡುವುದೇ ಜೋನಸನಿಗೆ ಮೈ ಉರಿಸುತ್ತಿತ್ತು.

ರೂಬೆನ್ ಲೀಡ್ಸ್ ಪಟ್ಟಣದ ಕಡೆಯವನು. ವಯಸ್ಸು ಇಪ್ಪತ್ತೆಂಟು. ಅಲ್ಲಿ ದೊಡ್ಡ ದೊಡ್ಡ ಕಟ್ಟಡಗಳಿಗೆ ಎಲೆ ಹೂವು ಸಿಂಹದ ಮುಖ ಕೆತ್ತಿ ಕೈ ಪಳಗಿಸಿಕೊಂಡು, ಎಂಟು ತಿಂಗಳ ಹಿಂದೆ ಒಂದು ಚೀಲ ಉಳಿ ಹೊತ್ತುಕೊಂಡು ಹೆಲ್ಮ್‌ಶಾಕ್ಕೆ ಬಂದಿದ್ದ. ಇರಲು ಜಾಗವಿಲ್ಲ ಎಂದಾಗ ಜೋನಸನೇ ಕರೆದುಕೊಂಡು ಬಂದು ತನ್ನ ಮನೆಯ ಅಟ್ಟದಲ್ಲಿ ಮಲಗಲು ಹೇಳಿದ. ಅದು ತಾನೇ ಕೈಯಾರೆ ತಂದುಕೊಂಡ ಕಷ್ಟವೆಂದು ಅವನಿಗೆ ಹದಿನೈದು ದಿನದಲ್ಲಿ ಗೊತ್ತಾಯಿತು. ಹುಡುಗ ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಎದುರಾಡುವುದಿಲ್ಲ. ಒಬ್ಬನನ್ನು ಕಂಡರಾಗದು ಎನ್ನುವುದಕ್ಕೆ ಒಂದು ನೆಪವಾದರೂ ಬೇಡವೇ? ರೂಬೆನ್ ಅದನ್ನೂ ಕೊಡುತ್ತಿರಲಿಲ್ಲ.

ಅವತ್ತು ಸಂಜೆ ಊಟಕ್ಕೆ ಕೂತಾಗ ಜೋನಸನ ಹೆಂಡತಿ ಡಾರ್ಕಸ್ ಮಾಂಸದ ಪೈಯನ್ನು ಮೇಜಿನ ಮೇಲಿಟ್ಟು ಚಾಕು ಹಾಕಿದಳು. ಅಂಚಿನಲ್ಲಿ ಕೆಂಪಗೆ ಗರಿಗರಿಯಾಗಿ ಬೆಂದ ತುಂಡು ಮೂವತ್ತು ವರ್ಷಗಳಿಂದ ಜೋನಸನ ಪಾಲು. ಅದು ರೂಬೆನನ ತಟ್ಟೆಗೆ ಹೋಯಿತು.

“ತಿನ್ನಪ್ಪ, ತಿನ್ನು,” ಎಂದಳು. “ಇವತ್ತು ಒಳ್ಳೆ ಸುದ್ದಿ ಕೇಳಿದೆ. ಅಡ್ಡಗಲ್ಲು ನಿನಗೇ ಕೊಟ್ರಂತಲ್ಲ.”

“ಮೇಸ್ತ್ರಿ ಇರುವಾಗ ನಾನು ಕೆತ್ತೋದು ಸರಿಯಲ್ಲ ಅಮ್ಮ,” ಎಂದ ರೂಬೆನ್. “ನಾಳೆ ಹೋಗಿ ಸಾಹೇಬರಿಗೆ ಹೇಳ್ತೀನಿ.”

“ಏನಂತ ಹೇಳ್ತೀಯ?” ಜೋನಸ್ ತಟ್ಟೆಯಿಂದ ತಲೆ ಎತ್ತಲಿಲ್ಲ. “ಮುದುಕನಿಗೆ ಹೊಟ್ಟೆ ಉರೀತಿದೆ, ಅವನಿಗೇ ಕೊಟ್ಬಿಡಿ ಅಂತಲೋ?”

“ಹಾಗಲ್ಲ ಮೇಸ್ತ್ರಿ.”

“ಹಾಗೇ ಕಣಯ್ಯ. ನೀನು ಬಿಟ್ಟುಕೊಟ್ಟದ್ದನ್ನ ತಗೊಳ್ಳೋ ಗತಿ ನನಗಿನ್ನೂ ಬಂದಿಲ್ಲ. ಕೆತ್ತು. ನಿನ್ನ ಹೂವೆಷ್ಟು, ಎಲೆಯೆಷ್ಟು, ಎಲ್ಲ ಕೆತ್ತು.”

ಡಾರ್ಕಸ್ ಗಂಡನ ಕಡೆ ನೋಡಿ ಮೂಗು ಮುರಿದಳು. “ಐವತ್ತಮೂರು ವರ್ಷ ಆಯ್ತು, ಪೈ ತುಂಡಿಗೆ ಮುನಿಸ್ಕೊಳ್ತಾನೆ ನೋಡು,” ಎಂದು ಇನ್ನೊಂದು ತುಂಡನ್ನು ಅವನ ತಟ್ಟೆಗೆ ಹಾಕಿದಳು. ಅದು ನಡುವಿನದು, ಮೆತ್ತಗಿನದು.

ಜೋನಸನಿಗೆ ಕೆತ್ತನೆಗಿಂತ ದೊಡ್ಡ ಹೆಸರೊಂದಿತ್ತು. ಆ ಬೆಟ್ಟದ ಕಲ್ಲು ಮರಳುಕಲ್ಲು. ಯಾವುದೋ ಕಾಲದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಬೆಟ್ಟದೊಳಗೆ ಅದು ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ ಮಲಗಬೇಕು. ಮಲಗಿಸಿಟ್ಟ ಪುಸ್ತಕದ ಮೇಲೆ ಎಷ್ಟು ಭಾರ ಹೇರಿದರೂ ಹಾಳೆ ಕದಲುವುದಿಲ್ಲ. ಅದನ್ನೇ ಎಬ್ಬಿಸಿ ಮುಖ ಹೊರಗೆ ಮಾಡಿ ನಿಲ್ಲಿಸಿದರೆ ನೀರು ಹಾಳೆಗಳ ನಡುವೆ ಇಳಿಯುತ್ತದೆ, ಚಳಿಗೆ ಹೆಪ್ಪುಗಟ್ಟಿ ಉಬ್ಬುತ್ತದೆ, ಮುಖ ಒಂದೊಂದೇ ಪದರವಾಗಿ ಕಳಚಿ ಬೀಳುತ್ತದೆ. ಕಷ್ಟವೇನೆಂದರೆ ಒಳ್ಳೆಯ ಕಲ್ಲಿನಲ್ಲಿ ಪದರ ಕಣ್ಣಿಗೆ ಕಾಣುವುದೇ ಇಲ್ಲ. ಜೋನಸನಿಗೆ ಕಾಣುತ್ತಿತ್ತು. ಅವನು ಕಲ್ಲಿನ ತುದಿಗೆ ನೀರು ಎರಚಿ, ಅದು ಆರುವಾಗ ಒಂದು ಗಳಿಗೆ ಮೂಡಿ ಮಾಯವಾಗುವ ಬಣ್ಣವನ್ನು ನೋಡಿ, ಕುರಿಗಳಿಗೆ ಗುರುತು ಹಾಕುವ ಕಾವಿಯಿಂದ ಪದರದ ಗುಂಟವೇ ಅಲ್ಲಿ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಗೆರೆ ನೆಲಕ್ಕೆ ಸಮನಾಗಿ ಬರುವ ಹಾಗೆ ಕಲ್ಲನ್ನು ಕೂರಿಸಿದರೆ ಆಯಿತು. ಸುತ್ತಲ ಮೂರು ಕಣಿವೆಗಳಲ್ಲಿ ಮನೆ ಕಟ್ಟುವವರು ಜೋನಸನ ಗೆರೆ ಬಿದ್ದಿದೆಯೇ ಎಂದು ಕೇಳಿ ಕಲ್ಲು ಒಯ್ಯುತ್ತಿದ್ದರು. ಅವನ ಗೆರೆ ಬಿದ್ದ ಒಂದು ಕಲ್ಲೂ ಅದುವರೆಗೆ ಕೆಟ್ಟಿರಲಿಲ್ಲ.

ಅಡ್ಡಗಲ್ಲಿಗೆಂದು ಆರಿಸಿದ ಕಲ್ಲು ಎರಡು ದಿನದ ಮೇಲೆ ಬೆಟ್ಟದಿಂದ ಇಳಿಯಿತು. ಒಂದಾಳುದ್ದ, ತುದಿ ಹೆಚ್ಚು ಕಡಿಮೆ ಚೌಕ, ಬಣ್ಣ ಜೇನಿನದು, ಎಲ್ಲೂ ಒಂದು ಕಲೆಯಿಲ್ಲ. ತುದಿ ಚೌಕವಾದ್ದರಿಂದ ಅದನ್ನು ಯಾವ ಮಗ್ಗುಲಿಗೆ ಬೇಕಾದರೂ ಹೊರಳಿಸಿ ಇಡಬಹುದಿತ್ತು. ರೂಬೆನ್ ಅದರ ಸುತ್ತ ಎರಡು ಸಲ ಬಂದ. ಉಗುರಿನಿಂದ ಕೆರೆದ, ಬಗ್ಗಿ ಕಿವಿ ಕೊಟ್ಟು ಬೆರಳಲ್ಲಿ ತಟ್ಟಿದ. ಕೊನೆಗೆ ಜೋನಸನ ಹತ್ತಿರ ಬಂದು ನಿಂತ.

“ಮೇಸ್ತ್ರಿ, ಇದರ ಪದರ ಯಾವ ಕಡೆಗಿದೆ? ನನಗೆ ಈ ಬೆಟ್ಟದ ಕಲ್ಲು ಇನ್ನೂ ತಿಳೀತಾ ಇಲ್ಲ. ನೀವು ಒಂದು ಗೆರೆ ಹಾಕಿಕೊಟ್ರೆ ಶುರು ಮಾಡ್ತೀನಿ.”

ಜೋನಸ್ ತಂಬಿಗೆಯಿಂದ ನೀರು ಎರಚಿದ. ಕಲ್ಲು ಕಪ್ಪಾಯಿತು, ನಿಧಾನವಾಗಿ ಆರತೊಡಗಿತು. ಪದರಗಳು ಮೂಡಿದವು, ಬಹಳ ಸಣ್ಣವು, ಒತ್ತೊತ್ತಾಗಿ, ಅಂಗೈ ರೇಖೆಗಳಷ್ಟು ಸ್ಪಷ್ಟ. ಅವನು ಅವನ್ನು ಕಣ್ತುಂಬ ನೋಡಿದ. ಪಕ್ಕದಲ್ಲಿ ರೂಬೆನ್ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಅವನ ಉದ್ದನೆಯ ಬೆರಳುಗಳು, ಕೆಲಸದ ನಡುವೆಯೂ ಸ್ವಚ್ಛವಾಗಿರುವ ಆ ಬೆರಳುಗಳು, ಆಗಲೇ ಗಾಳಿಯಲ್ಲಿ ಏನನ್ನೋ ಕೆತ್ತುತ್ತಿರುವಂತೆ ಆಡುತ್ತಿದ್ದವು. ಜೋನಸ್ ಕಾವಿ ತೆಗೆದುಕೊಂಡು ಪದರಗಳನ್ನು ಅಡ್ಡ ಹಾಯ್ದು ಒಂದು ಗೆರೆ ಎಳೆದ.

“ಹೀಗೆ ಮಲಗಿಸು,” ಎಂದ.

“ದೊಡ್ಡ ಉಪಕಾರ ಆಯ್ತು ಮೇಸ್ತ್ರಿ,” ಎಂದ ರೂಬೆನ್.

ಅಷ್ಟೇ ನಡೆದದ್ದು. ಕಲ್ಲು ಆರಿತು, ಪದರ ಮಾಯವಾಯಿತು, ಗೆರೆ ಉಳಿಯಿತು.

ರೂಬೆನ್ ಮೂರು ವಾರ ಕೆತ್ತಿದ. ಕಾಡುಗುಲಾಬಿಯ ಬಳ್ಳಿಯೊಂದು ಕಲ್ಲಿನ ಎಡತುದಿಯಿಂದ ಹೊರಟು ಅಂಕಿಗಳ ನಡುವೆ ನುಸುಳಿ ಬಲತುದಿಯಲ್ಲಿ ಒಂದು ಮೊಗ್ಗಾಗಿ ನಿಂತಿತು. ಮುಳ್ಳುಗಳು ಕೂಡ ಇದ್ದವು. ಒಂದು ಎಲೆಯನ್ನು ಹುಳು ತಿಂದಿತ್ತು. ನೋಡಲು ಬಂದ ಹೆಂಗಸರು ಆ ತೂತಿನಲ್ಲಿ ಬೆರಳಿಟ್ಟು ನಗುತ್ತಿದ್ದರು. ಜೋನಸ್ ದಿನಾ ಆ ಕಡೆಗೆ ಬೆನ್ನು ಮಾಡಿಯೇ ಕೆಲಸಕ್ಕೆ ಕೂರುತ್ತಿದ್ದ. ಆದರೆ ಮಧ್ಯಾಹ್ನ ಎಲ್ಲರೂ ರೊಟ್ಟಿ ತಿನ್ನಲು ಹೋದಾಗ ಎದ್ದು ಹೋಗಿ ನೋಡುತ್ತಿದ್ದ. ಒಂದು ತಪ್ಪಾದರೂ ಸಿಗಲಿ ಎಂದು ಎಲೆ ಎಲೆಯನ್ನೂ ಹುಡುಕುತ್ತಿದ್ದ. ಸಿಗುತ್ತಿರಲಿಲ್ಲ. ಇಂಥದ್ದನ್ನು ತಾನು ಏಳು ಜನ್ಮ ಎತ್ತಿದರೂ ಕೆತ್ತಲಾರೆ ಎಂಬುದು ಅವನಿಗೆ ಗೊತ್ತಿತ್ತು. ಹಾಗೆ ಗೊತ್ತಾಗುವಷ್ಟು ಕಣ್ಣು ತನಗೇಕೆ ಇರಬೇಕಿತ್ತು ಎಂದು ಹಲ್ಲು ಕಡಿಯುತ್ತಿದ್ದ.

ಕಲ್ಲನ್ನು ಬಾಗಿಲ ಮೇಲೇರಿಸುವ ದಿನ ಅವನು ಎದೆನೋವೆಂದು ಮನೆಯಲ್ಲೇ ಉಳಿದ. ಡಾರ್ಕಸ್ ಎದೆಗೆ ಬಿಸಿ ಹೆಬ್ಬಾತಿನ ಕೊಬ್ಬು ತಿಕ್ಕಿ, “ನಿನ್ನ ನೋವು ಎದೇದಲ್ಲ, ಅದರ ಕೆಳಗಿಂದು,” ಎಂದಳು. ಅವನು ಗೋಡೆ ಕಡೆ ತಿರುಗಿ ಮಲಗಿದ. ಈಗ ಆ ಗೆರೆ ಗೋಡೆಯೊಳಗೆ ಹೋಗಿರುತ್ತದೆ, ಇನ್ನು ಅದನ್ನು ಯಾರೂ ನೋಡುವುದಿಲ್ಲ ಎಂದು ಸಮಾಧಾನ ಮಾಡಿಕೊಂಡ.

ವಿಧಿ ಅವನ ಜೊತೆ ಆಡಿದ ಆಟ ಬೇರೆಯಿತ್ತು. ಮನೆಗಳು ಮುಗಿದ ಮೇಲೆ ಡೆಂಟ್ ಸಾಹೇಬರು, ಹಿರಿಯ ಮೇಸ್ತ್ರಿಗೆ ಬೇಜಾರಾಗಿದೆ ಎಂದು ತಿಳಿದವರು, ಮೂಲೆಯ ಮನೆಯನ್ನು ಅವನಿಗೇ ಕೊಟ್ಟುಬಿಟ್ಟರು. ಡಾರ್ಕಸ್ ಕುಣಿದಾಡಿದಳು. ಎರಡು ಮಲಗುವ ಕೋಣೆ, ಅಡುಗೆಮನೆಗೆ ಬೇರೆ ಕಿಟಕಿ, ಒಲೆಯ ಪಕ್ಕದಲ್ಲಿ ಗೋಡೆಯೊಳಗೇ ಉಪ್ಪಿನ ಗೂಡು. ಅವಳು ಪ್ರತಿ ಶುಕ್ರವಾರ ಮಂಡಿಯೂರಿ ಕೂತು ಹೊಸ್ತಿಲ ಮೆಟ್ಟಿಲನ್ನು ಬೆಳ್ಳಗಾಗುವವರೆಗೆ ತಿಕ್ಕುಗಲ್ಲಿನಿಂದ ಉಜ್ಜಿ, ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡು ತಲೆ ಮೇಲಿನ ಗುಲಾಬಿಗಳನ್ನು ನೋಡುತ್ತಿದ್ದಳು. ಜೋನಸ್ ಮಾತ್ರ ದಿನಕ್ಕೆ ಹತ್ತು ಸಲ ಅದೇ ಕಲ್ಲಿನ ಕೆಳಗೆ ಹಾದುಹೋಗಬೇಕಾಯಿತು. ಭಾನುವಾರ ಚಾಪೆಲ್ಲಿನಲ್ಲಿ ಪ್ರಾರ್ಥನೆ ಮುಗಿಸಿ ಬರುವವರು ಗೇಟಿನ ಹತ್ತಿರ ನಿಂತು, “ಎಷ್ಟು ಚೆನ್ನಾಗಿದೆ ಮೇಸ್ತ್ರಿ ನಿಮ್ಮ ಬಾಗಿಲು,” ಎನ್ನುತ್ತಿದ್ದರು. ಅವನು ಹೂಂಗುಟ್ಟಿ ಒಳಗೆ ಹೋಗುತ್ತಿದ್ದ.

ಮೊದಲ ಮೂರು ಚಳಿಗಾಲ ಅವನು ಹಬ್ಬಕ್ಕೆ ಕಾಯುವಂತೆ ಕಾದ. ಬೆಳಿಗ್ಗೆ ಎದ್ದು ಬಾವಿಯ ನೀರು ಹೆಪ್ಪುಗಟ್ಟಿದ್ದರೆ ಒಳಗೊಳಗೇ ಖುಷಿ. ಹೊರಬಂದು ಬಾಗಿಲ ಕೆಳಗೆ ನಿಂತು ತಲೆ ಎತ್ತಿ ನೋಡುವುದು. ಕಲ್ಲು ಮಿಸುಕುತ್ತಿರಲಿಲ್ಲ. ಅಷ್ಟರಲ್ಲಿ ರೂಬೆನ್ ಗಿರಣಿಯ ಹುಡುಗಿಯೊಬ್ಬಳನ್ನು ಮದುವೆಯಾಗಿ ಸಾಲಿನ ಆರನೇ ಮನೆಗೆ ಬಂದ. ಎರಡು ಮಕ್ಕಳಾದವು. ಜೋನಸನ ಎದೆ ಕಲ್ಲಿನ ಧೂಳು ಕುಡಿದು ಕುಡಿದು ನಿಜವಾಗಿಯೂ ಕೆಟ್ಟಿತು. ಅವನು ಉಳಿ ಕೆಳಗಿಟ್ಟಾಗ ಮೇಸ್ತ್ರಿಯ ಜಾಗಕ್ಕೆ ರೂಬೆನ್ ಬಂದ. ಬಂದ ಮೇಲೂ ಜೋನಸನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದ. ಕಲ್ಲು ಇಳಿದಾಗ ಗೆರೆ ಹಾಕಲು ಮಾತ್ರ ಈಗಲೂ ಜೋನಸನನ್ನೇ ಕರೆಸುತ್ತಿದ್ದರು.

ನಾಲ್ಕನೇ ವರ್ಷ ಪಕ್ಕದ ಕಣಿವೆಯಲ್ಲಿ ಯಾರದೋ ಕಿಟಕಿಯ ಕಲ್ಲು ಬಿರಿಯಿತು. ಬಾವಿಕಟ್ಟೆಯ ಹತ್ತಿರ ನಾಲ್ಕು ಜನ ಮಾತಾಡುತ್ತಿದ್ದರು. “ಅದರ ಮೇಲೆ ಜೋನಸನ ಗೆರೆ ಇರಲಿಲ್ಲ ಬಿಡು,” ಎಂದ ಒಬ್ಬ. “ಇದ್ದಿದ್ರೆ ಎಲ್ಲಿ ಬಿರೀತಿತ್ತು?” ಹಾದುಹೋಗುತ್ತಿದ್ದ ಜೋನಸ್ ಅಲ್ಲೇ ನಿಂತುಬಿಟ್ಟ. ಹೊಟ್ಟೆಕಿಚ್ಚಿನಲ್ಲಿ ಅವನಿಗೆ ಇಷ್ಟು ಸಣ್ಣ ವಿಷಯ ಹೊಳೆದೇ ಇರಲಿಲ್ಲ. ಆ ಗುಲಾಬಿಗಳು ಉದುರಿದ ದಿನ ಜನ ಕೇಳುವುದು ಯಾರು ಕೆತ್ತಿದರು ಎಂದಲ್ಲ, ಯಾರು ಗೆರೆ ಹಾಕಿದರು ಎಂದು. ಕಲ್ಲು ಹೊರಗೆ ಬಂದರೆ ಕೆಂಪು ಗೆರೆ ಅಲ್ಲೇ ಇರುತ್ತದೆ. ಆಗ ಅವನು ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು: ಇಡೀ ಜೀವಮಾನ ಮೂರು ಕಣಿವೆಯವರು ನಂಬಿದ ಕಣ್ಣು ಸುಳ್ಳು, ಇಲ್ಲವೇ ತಾನೇ ಮೋಸಗಾರ.

ಅಲ್ಲಿಂದ ಮುಂದೆ ಚಳಿಗಾಲವೆಂದರೆ ಅವನಿಗೆ ನಡುಕ. ಹಿಮ ಬಿದ್ದ ದಿನ ಕುರ್ಚಿ ಹತ್ತಿ ಅಡ್ಡಗಲ್ಲನ್ನು ಗೋಣಿಯಿಂದ ಒರೆಸುತ್ತಿದ್ದ. “ಆಹಾ, ಈಗ ಬುದ್ಧಿ ಬಂತು,” ಎನ್ನುತ್ತಿದ್ದಳು ಡಾರ್ಕಸ್. “ರೂಬೆನ್ ಕೆಲಸ ಎಷ್ಟು ಜೋಪಾನ ಮಾಡ್ತಾನೆ ನೋಡಿ ನಮ್ಮ ಯಜಮಾನ,” ಎಂದು ಬೇಲಿಯಾಚೆಯವರಿಗೂ ಹೇಳುತ್ತಿದ್ದಳು. ಅದನ್ನು ಕೇಳಿ ಕುರ್ಚಿಯ ಮೇಲೆ ನಿಂತಲ್ಲೇ ಅವನ ಹೊಟ್ಟೆ ಉರಿಯುತ್ತಿತ್ತು. ಭಯ ಬಂದ ಮಾತ್ರಕ್ಕೆ ಹೊಟ್ಟೆಕಿಚ್ಚೇನೂ ಹೋಗಿರಲಿಲ್ಲ.

ಒಂಬತ್ತನೆಯ ಚಳಿಗಾಲ ಮುಗಿಯುತ್ತ ಬಂದಿತ್ತು. ಒಂದು ಶುಕ್ರವಾರ ಡಾರ್ಕಸ್ ಮೆಟ್ಟಿಲು ಉಜ್ಜುತ್ತಿದ್ದವಳು, “ಏ, ಇಲ್ಲಿ ಬಾ,” ಎಂದು ಕರೆದಳು. “ಈಗ ತಾನೆ ಒರೆಸಿದ್ದೀನಿ, ಮತ್ತೆ ಮರಳು ಉದುರಿದೆ. ಎಲ್ಲಿಂದ ಬರ್ತಿದೆ ಇದು?”

ಜೋನಸ್ ಬಗ್ಗಿ ನೋಡಿದ. ಬೆಳ್ಳನೆಯ ಮೆಟ್ಟಿಲ ಮೇಲೆ ಜೇನುಬಣ್ಣದ ಪುಡಿ, ಒಂದು ಚಿಟಿಕೆಯಷ್ಟು.

“ಇರುವೆ,” ಎಂದ.

“ಈ ಚಳೀಲಿ ಇರುವೆನಾ?”

ಭಾನುವಾರ ಬಿಸಿಲು ಬಂತು. ಚಾಪೆಲ್ ಬಿಟ್ಟು ಜನ ಗೇಟಿನ ಹತ್ತಿರ ಬರುವ ಹೊತ್ತಿಗೆ, ಯಾರೂ ಮುಟ್ಟದೆಯೇ, ಎಂಟರ ಅಂಕಿಯ ಪಕ್ಕದ ಹೂವು ತಟ್ಟೆಯಷ್ಟಗಲ ಚಕ್ಕೆಯಾಗಿ ಕಳಚಿ ಮೆಟ್ಟಿಲ ಮೇಲೆ ಬಿದ್ದು ಒಡೆಯಿತು. ಡಾರ್ಕಸ್ ಚೂರುಗಳನ್ನು ಏಪ್ರನ್ನಿಗೆ ಹಾಕಿಕೊಂಡು, ಬಿದ್ದ ಮಗುವನ್ನು ಎತ್ತಿಕೊಂಡವಳ ಹಾಗೆ ಅಲ್ಲೇ ಕೂತಳು. ಗೇಟಿನಾಚೆ ನಿಂತವರು ಮೊದಲು ಕಲ್ಲನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೋನಸನನ್ನು ಮಾತ್ರ ಯಾರೂ ನೋಡಲಿಲ್ಲ. ಅವರು ಯಾಕೆ ನೋಡುತ್ತಿಲ್ಲ ಎಂದು ಅವನಿಗೆ ಗೊತ್ತಿತ್ತು.

ಡೆಂಟ್ ಸಾಹೇಬರು ಮರುದಿನ ಬಂದು ನೋಡಿ ಹೋದರು. ಈಗ ಅವರಿಗೂ ವಯಸ್ಸಾಗಿತ್ತು, ಬಂದದ್ದು ಗಾಡಿಯಲ್ಲಿ. “ಗುರುವಾರ ಕಲ್ಲು ಹೊರಗೆ ತೆಗೀರಿ,” ಎಂದರು. “ನಾನೂ ಬರ್ತೀನಿ. ತಪ್ಪು ಎಲ್ಲಾಯ್ತು ಅಂತ ನೋಡಬೇಕು.”

ಆ ಮೂರು ದಿನ ಜೋನಸನಿಗೆ ಅನ್ನನೀರು ಸೇರಲಿಲ್ಲ. ಹೇಳಿಬಿಡಬೇಕೆಂದು ಎರಡು ಸಲ ಆರನೇ ಮನೆಯವರೆಗೆ ಹೋದ. ಮೊದಲ ಸಲ ರೂಬೆನ್ ಅಂಗಳದಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾಡಿನ ಅಂಚಿನ ಗುಬ್ಬಿಗೂಡು ತೋರಿಸುತ್ತಿದ್ದ. ಮಗು ನಗುತ್ತಿತ್ತು. ಇವನಿಗೆ ಇದೂ ಇದೆಯಲ್ಲ ಎನಿಸಿ, ಗೇಟಿನಿಂದಲೇ ತಿರುಗಿ ಬಂದ. ಎರಡನೆಯ ಸಲ ಬಾಗಿಲು ತಟ್ಟದೆ ಹಿಂದಿರುಗಿದ.

ಗುರುವಾರ ಬೆಳಿಗ್ಗೆ ಗೋಡೆ ಕುಸಿಯದಂತೆ ಮರದ ಊರೆಗಳನ್ನು ಕೊಟ್ಟು, ಸುತ್ತಲ ಗಾರೆ ಕೆರೆದು, ನಾಲ್ಕು ಜನ ಹಗ್ಗ ಹಾಕಿ ನಿಂತರು. ಬದಲಿಗೆ ಕೂರಿಸಲು ಬೆಟ್ಟದಿಂದ ತಂದ ಹೊಸ ಕಲ್ಲು ಪಕ್ಕದಲ್ಲೇ ಬಿದ್ದಿತ್ತು. ಜೋನಸ್ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

“ಗಾಳಿ ಚಳಿ ಇದೆ ಮೇಸ್ತ್ರಿ, ಒಳಗೆ ಕೂತ್ಕೊಳ್ಳಿ,” ಎಂದ ರೂಬೆನ್.

“ನನ್ನ ಬಾಗಿಲು. ನಾನಿಲ್ಲೇ ಕೂರ್ತೀನಿ.”

ಕಲ್ಲು ಒಂಬತ್ತು ವರ್ಷದ ಜಾಗ ಬಿಟ್ಟು ನರಳುತ್ತ ಹೊರಬಂತು. ಹುಲ್ಲಿನ ಮೇಲೆ ಮಲಗಿಸಿದರು. ಡೆಂಟ್ ಸಾಹೇಬರು ಕೋಲೂರಿಕೊಂಡು ಬಂದು ಬಗ್ಗಿದರು. ಜೋನಸ್ ಕುರ್ಚಿಯ ಕೈ ಹಿಡಿದು ಎದ್ದು ನಿಂತ. ಅವನ ಕಣ್ಣು ಎಡತುದಿಯನ್ನು ಹುಡುಕಿತು. ಅಲ್ಲಿ ಕೆಂಪು ಗೆರೆ ಇರಲಿಲ್ಲ. ಬಲತುದಿಯಲ್ಲೂ ಇರಲಿಲ್ಲ.

“ಗೆರೆ ಎಲ್ಲಿ?” ಎಂದರು ಸಾಹೇಬರು. “ಜೋನಸ್ ಗೆರೆ ಹಾಕಿರಲಿಲ್ವಾ?”

“ಹಾಕಿದ್ರು ಸಾರ್,” ಎಂದ ರೂಬೆನ್. “ಸರಿಯಾಗೇ ಹಾಕಿದ್ರು. ನಾನೇ ಅದನ್ನ ಬಿಟ್ಟು ಕಲ್ಲನ್ನ ತಿರುವಿ ಇಟ್ಕೊಂಡು ಕೆತ್ತಿದೆ. ಆ ಮಗ್ಗುಲು ಕೆತ್ತೋಕೆ ಹಸನಾಗಿತ್ತು. ಹೊಸಬ, ಗೊತ್ತಾಗಲಿಲ್ಲ.”

“ಗೊತ್ತಾಗದಿದ್ರೆ ಕೇಳಬೇಕಿತ್ತು.” ಸಾಹೇಬರ ಮುಖ ಕೆಂಪೇರಿತು. “ಪಕ್ಕದಲ್ಲೇ ಜೋನಸನಂಥವನಿದ್ದ. ಪಟ್ಟಣದ ಕೆಲಸಗಾರನ ಜಂಬ ಅಂದ್ರೆ ಇದೇ. ಹೊಸ ಕಲ್ಲಿಗೆ ಹೂವೂ ಬೇಡ, ಮಣ್ಣೂ ಬೇಡ. ಜೋನಸ್ ಕೆತ್ತುತ್ತಿದ್ನಲ್ಲ, ಹಾಗೆ ಬರೀ ನಾಲ್ಕು ಅಂಕಿ ಸಾಕು.”

ಇಂಥ ಮಾತು ನಾಲ್ಕು ಜನರ ಮುಂದೆ ಬರಲಿ ಎಂದು ಜೋನಸ್ ಒಂಬತ್ತು ವರ್ಷ ಹಂಬಲಿಸಿದ್ದ. ಈಗ ಬಂದಿತ್ತು. ಅವನು ಬಾಯಿ ತೆರೆದ. ಕೆಮ್ಮು ಬಂತು. ಸಾಹೇಬರು ಅವನ ಬೆನ್ನು ತಟ್ಟಿದರು.

“ಹೊಸ ಕಲ್ಲಿಗೆ ಮೇಸ್ತ್ರಿನೇ ಗೆರೆ ಹಾಕಲಿ,” ಎಂದು ರೂಬೆನ್ ಜೇಬಿನಿಂದ ಕಾವಿ ತೆಗೆದು ಜೋನಸನ ಅಂಗೈಯಲ್ಲಿಟ್ಟ. ಯಾರೋ ನೀರು ತಂದರು. ಜೋನಸ್ ಎರಚಿದ, ಕಾದ. ಅರವತ್ತೆರಡರ ಕಣ್ಣಿಗೆ ಪದರಗಳು ಮಸುಕಾಗಿ ಕಂಡವು, ಆದರೂ ಕಂಡವು. ಎರಡೆರಡು ಸಲ ನೋಡಿ, ಅವುಗಳ ಗುಂಟವೇ ಗೆರೆ ಎಳೆದ. ರೂಬೆನ್ ತಾನೊಮ್ಮೆ ಪರೀಕ್ಷೆ ಮಾಡಲಿಲ್ಲ. ಕಲ್ಲಿನ ಕಡೆಗೆ ಬಗ್ಗಲೂ ಇಲ್ಲ. ಗೆರೆ ಇದ್ದ ಹಾಗೆಯೇ ಹೊರಳಿಸಿ ಎಂದು ಆಳುಗಳಿಗೆ ಹೇಳಿಬಿಟ್ಟ.

ಸಾಹೇಬರ ಗಾಡಿ ಹೋಯಿತು. ಆಳುಗಳು ಟೀ ಕುಡಿಯಲು ಹಿತ್ತಿಲ ಕಡೆ ಹೋದರು. ರೂಬೆನ್ ಎರಡು ಲೋಟ ಟೀ ತಂದು ಒಂದನ್ನು ಜೋನಸನಿಗೆ ಕೊಟ್ಟು ತಾನು ಊರೆಗೆ ಒರಗಿ ನಿಂತ.

“ಗೆರೆ ಏನ್ಮಾಡ್ದೆ?” ಎಂದು ಕೇಳಿದ ಜೋನಸ್.

“ಉಳಿಯಿಂದ ತೆಗೆದುಬಿಟ್ಟೆ. ಕಲ್ಲು ಏರಿಸೋ ಹಿಂದಿನ ದಿನ.”

“ಯಾವಾಗ ಗೊತ್ತಾಯ್ತು ನಿನಗೆ?”

“ಎರಡನೇ ಎಲೆ ಕೆತ್ತೋವಾಗ. ಚಕ್ಕೆ ಹಾರೋ ರೀತೀಲೇ ಗೊತ್ತಾಗುತ್ತಲ್ಲ.”

“ಆಗಲೇ ಬಾಯಿಬಿಡೋದಕ್ಕೇನು?”

“ಏನಂತ ಬಿಡ್ಲಿ ಮೇಸ್ತ್ರಿ. ನಿಮ್ಮ ಮನೇಲಿದ್ದೆ. ಅಮ್ಮನ ಕೈಯೂಟ ಉಣ್ತಿದ್ದೆ. ನಿಮ್ಮ ಗೆರೆ ತಪ್ಪಿದೆ ಅಂದಿದ್ರೆ ಅವತ್ತಿಗೇ ನಿಮ್ಮ ಹೆಸರು ಹೋಗ್ತಿತ್ತು.” ರೂಬೆನ್ ಊರೆಗೆ ಅಂಟಿದ್ದ ಗಾರೆಯನ್ನು ಉಗುರಿನಿಂದ ಕೆರೆಯುತ್ತ, “ಕಣ್ಣು ಮಂಜಾಗ್ತಾ ಇದೆ, ಪಾಪ, ಹೇಳ್ಕೊಳ್ಳೋಕಾಗ್ತಿಲ್ಲ, ಅಂದ್ಕೊಂಡೆ,” ಎಂದ.

ಪಾಪ ಎಂಬ ಆ ಮಾತು ಜೋನಸನಿಗೆ ಚುರುಕ್ಕೆಂದು ತಗುಲಿತು. ಹಾಗಾದರೆ ಒಂಬತ್ತು ವರ್ಷದಿಂದ ಇವನು ತನ್ನನ್ನು ಹೀಗೆ ನೋಡಿಕೊಂಡು ಬಂದಿದ್ದಾನೆ, ಕುರುಡನ ಕೈ ಹಿಡಿದು ರಸ್ತೆ ದಾಟಿಸುವವನ ಹಾಗೆ. ಮೋಸಗಾರ ಎಂದಿದ್ದರೆ ತಡೆದುಕೊಳ್ಳಬಹುದಿತ್ತು.

“ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ ಕಣೋ,” ಎಂದ. ಲೋಟದ ಟೀ ತುಳುಕಿ ಮೊಣಕಾಲಿಗೆ ಬಿತ್ತು. “ಒಂದೊಂದು ಪದರಾನೂ ಕಾಣ್ತಿತ್ತು. ನೋಡಿ ನೋಡಿ, ಬೇಕಂತಲೇ ಎಳೆದೆ.”

ರೂಬೆನ್ ತನ್ನ ಲೋಟದ ತಳ ನೋಡಿದ.

“ಗೊತ್ತು ಮೇಸ್ತ್ರಿ,” ಎಂದ. “ಟೀ ಆರುತ್ತೆ, ಕುಡೀರಿ.”

ಹಾಗೆಂದು ಅವನು ಆಳುಗಳನ್ನು ಕರೆಯಲು ಹಿತ್ತಿಲ ಕಡೆ ನಡೆದ. ಬಾಗಿಲಿದ್ದ ಜಾಗ ಹಲ್ಲು ಕಿತ್ತ ಬಾಯಿಯಂತೆ ತೆರೆದಿತ್ತು. ಒಳಗೆ ಡಾರ್ಕಸ್ ಯಾರಿಗೋ ಇನ್ನೊಂದು ತುಂಡು ರೊಟ್ಟಿ ತಿನ್ನೆಂದು ಬಲವಂತ ಮಾಡುವುದು ಕೇಳಿಸುತ್ತಿತ್ತು.

ಜೋನಸ್ ಲೋಟ ಕೆಳಗಿಟ್ಟು, ಹುಲ್ಲಿನ ಮೇಲೆ ಮಲಗಿದ್ದ ಹಳೆಯ ಕಲ್ಲಿನಲ್ಲಿ ತಾನು ಗೆರೆ ಹಾಕಿದ್ದ ತುದಿಯ ಹತ್ತಿರ ಹೋಗಿ ಮಂಡಿಯೂರಿದ. ಗೋಡೆಯೊಳಗೆ ಹೋಗುವ ತುದಿ ಅದು, ಲೋಕದಲ್ಲಿ ಯಾವ ಕೆಲಸಗಾರನೂ ಅದನ್ನು ನಯ ಮಾಡುವುದಿಲ್ಲ. ಗೆರೆಯನ್ನು ಅಳಿಸಲು ನಾಲ್ಕು ಏಟು ಅಡ್ಡಾದಿಡ್ಡಿ ಹೊಡೆದಿದ್ದರೂ ನಡೆಯುತ್ತಿತ್ತು. ರೂಬೆನ್ ಹಾಗೆ ಮಾಡಿರಲಿಲ್ಲ. ಸುತ್ತ ಬೆರಳಗಲ ಅಂಚು ಬಿಟ್ಟು, ಒಳಗೆಲ್ಲ ಉಳಿಯ ಸಣ್ಣ ಗೀರುಗಳನ್ನು ಒಂದರ ಪಕ್ಕ ಒಂದು, ಒಂದೇ ವಾಲಿಕೆಯಲ್ಲಿ, ಬಾಚಣಿಗೆ ಎಳೆದಂತೆ ಕೂರಿಸಿದ್ದ. ಒಂಬತ್ತು ವರ್ಷ ಕತ್ತಲೆಯಲ್ಲಿದ್ದ ತುದಿ ನಿನ್ನೆ ಮುಗಿಸಿದಂತಿತ್ತು. ಜೋನಸನ ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು, ಮೊದಲ ದಿನದಷ್ಟೇ ಬಿಸಿಯಾಗಿ.

ಒಂದಾದರೂ ಗೀರು ಸೊಟ್ಟಗಿರಬೇಕು. ಅವನು ಹೆಬ್ಬೆರಳಿನಿಂದ ಮೇಲಿನ ಮೂಲೆಯಿಂದ ಶುರು ಮಾಡಿ ಒಂದೊಂದನ್ನೇ ಸವರುತ್ತ ಬಂದ. ಬೆರಳಿಗೆ ಕಾವಿ ಅಂಟಿತ್ತು. ಅದು ಹೋದಲ್ಲೆಲ್ಲ ಕಲ್ಲಿನ ಮೇಲೆ ಕೆಂಪು ಹತ್ತುತ್ತಿತ್ತು. ಅವನು ಅಂಗಿಯ ತೋಳಿನಿಂದ ಒರೆಸುತ್ತಿದ್ದ, ಮತ್ತೆ ಮುಂದಿನ ಗೀರಿಗೆ ಹೋಗುತ್ತಿದ್ದ.